ಇಂಗ್ಲಿಷ್ ನುಡಿಗಟ್ಟುಗಳ ಅರ್ಥ ಗೊತ್ತಿದೆ, ಬಳಸಲು ಹೋದರೆ ಎಡವುತ್ತೇನೆ: ಏನು ಮಾಡಲಿ?

ಗೋದಾಮಿನ ಗುಮಾಸ್ತ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ಮೆಕ್ಕೆಜೋಳ ಖರೀದಿ ಮಾಡುವ ಒಂದು ಸಂಸ್ಥೆಯ ಗೋದಾಮಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಆಮೇಲೆ ಬಿ.ಕಾಂ. ಮುಗಿಸಿದವನು. ನಮ್ಮ ಮೇಲಧಿಕಾರಿಗಳು ಹೈದರಾಬಾದಿನಲ್ಲಿದ್ದು, ಅವರಿಗೆ ಕನ್ನಡ ಬಾರದ ಕಾರಣ ಪತ್ರವ್ಯವಹಾರವೆಲ್ಲ ಇಂಗ್ಲಿಷಿನಲ್ಲಿಯೇ ನಡೆಯಬೇಕು. ಭಾಷೆಯನ್ನು ಸ್ವಲ್ಪ ತಿದ್ದಿಕೊಳ್ಳೋಣವೆಂದು ಹಳೆಯ ಪುಸ್ತಕದ ಅಂಗಡಿಯಿಂದ ನುಡಿಗಟ್ಟುಗಳ ಕೈಪಿಡಿಯೊಂದನ್ನು ತಂದು, ನೋಟ್‌ಬುಕ್ಕಿನ ಎಡಗಡೆಗೆ ಇಂಗ್ಲಿಷ್, ಬಲಗಡೆಗೆ ಕನ್ನಡದ ಅರ್ಥ, ಹೀಗೆ ದಿನಕ್ಕೆ ಹತ್ತರಂತೆ ಬರೆದು ಬಾಯಿಪಾಠ ಮಾಡುತ್ತ ಬಂದಿದ್ದೇನೆ. ಈಗ ಮುನ್ನೂರು ದಾಟಿದೆ.

ತೊಂದರೆಯಾದದ್ದು ಹೋದ ತಿಂಗಳು. ಸೋಮವಾರ ದಾಸ್ತಾನು ಪರಿಶೀಲನೆಗೆ ಆಡಿಟರ್ ಬರುವವರಿದ್ದರು. ಶುಕ್ರವಾರ ಸಂಜೆ ಮೇಲಧಿಕಾರಿಗಳಿಗೆ ಮೇಲ್ ಬರೆಯುವಾಗ, ‘ಪುಲ್ ಅಪ್ ಯುವರ್ ಸಾಕ್ಸ್’ ಎಂದರೆ ಹೆಚ್ಚಿನ ಶ್ರಮ ವಹಿಸುವುದು ಎಂದು ನನ್ನ ಪಟ್ಟಿಯಲ್ಲಿದ್ದದ್ದು ನೆನಪಾಗಿ, ಎಲ್ಲರೂ ಸಿದ್ಧವಾಗಿರೋಣ ಎಂಬ ಭಾವದಲ್ಲಿ, ‘ಸರ್, ಆಡಿಟರ್ ಈಸ್ ಕಮಿಂಗ್ ಆನ್ ಮಂಡೇ, ಕೈಂಡ್ಲಿ ಪುಲ್ ಅಪ್ ಯುವರ್ ಸಾಕ್ಸ್’ ಎಂದು ಬರೆದೆ. ಹತ್ತು ನಿಮಿಷದಲ್ಲಿ ಫೋನ್ ಬಂತು. ನನ್ನ ಕೆಲಸದಲ್ಲಿ ನಿಮಗೆ ಯಾವ ಕೊರತೆ ಕಾಣಿಸಿತು ಎಂದು ಅವರು ತಣ್ಣಗೆ ಕೇಳಿದಾಗ, ಏನು ತಪ್ಪಾಯಿತೆಂದು ತಿಳಿಯದೆ ಬರೀ ‘ಸಾರಿ ಸರ್’ ಎನ್ನುತ್ತ ನಿಂತೆ. ಪಕ್ಕದಲ್ಲಿ ಚೀಲ ಎಣಿಸುತ್ತಿದ್ದ ಹಮಾಲರು ನನ್ನ ಮುಖ ನೋಡಿ ಎಣಿಕೆಯನ್ನೇ ಮರೆತು ಮೊದಲಿನಿಂದ ಶುರು ಮಾಡಿದರು.

ಅರ್ಥ ಸರಿಯಾಗಿಯೇ ಕಲಿತಿದ್ದರೂ ಮಾತು ಏಕೆ ತಪ್ಪಾಯಿತು? ಕನ್ನಡದ ಅರ್ಥವನ್ನು ಎದುರಿಗೆ ಬರೆದುಕೊಂಡು ಕಲಿಯುವ ಕ್ರಮವೇ ಸರಿಯಿಲ್ಲವೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ನಿವೃತ್ತ ಇಂಗ್ಲಿಷ್ ಮೇಷ್ಟರು, ಚಿತ್ರದುರ್ಗ

ಗುಮಾಸ್ತರೇ, ನಿಮ್ಮ ಪಟ್ಟಿಯಲ್ಲಿ ಅರ್ಥ ಸರಿಯಾಗಿಯೇ ಇದೆ. ಆ ಮಾತನ್ನು ಯಾರು ಯಾರಿಗೆ ಹೇಳಬಹುದು ಎಂಬುದು ಮಾತ್ರ ಇಲ್ಲ. ‘ಪುಲ್ ಅಪ್ ಯುವರ್ ಸಾಕ್ಸ್’ ಎಂಬುದು ಕೆಲಸದಲ್ಲಿ ಹಿಂದೆ ಬಿದ್ದವನಿಗೆ ಮೇಲಿನವರು ಹೇಳುವ ಎಚ್ಚರಿಕೆಯ ಮಾತು. ಅದರೊಳಗೆ ‘ಇದುವರೆಗೆ ನೀನು ಸರಿಯಾಗಿ ಮಾಡಿಲ್ಲ’ ಎಂಬ ಆಕ್ಷೇಪಣೆ ಅಡಗಿದೆ. ನಮ್ಮಲ್ಲಿ ‘ಮೈ ಬಗ್ಗಿಸಿ ದುಡಿ’ ಎನ್ನುವುದಿಲ್ಲವೇ, ಅದರ ಅರ್ಥವೂ ಶ್ರಮಪಡು ಎಂದೇ. ಆದರೆ ತಾಲ್ಲೂಕು ಕಚೇರಿಗೆ ಹೋಗಿ ತಹಶೀಲ್ದಾರರಿಗೆ ‘ಸ್ವಲ್ಪ ಮೈ ಬಗ್ಗಿಸಿ ದುಡಿಯಿರಿ ಸ್ವಾಮಿ’ ಎಂದು ನೀವು ಹೇಳುವಿರಾ? ಕನ್ನಡದಲ್ಲಿ ನಾಲಗೆಯೇ ನಿಮ್ಮನ್ನು ತಡೆಯುತ್ತದೆ. ಇಂಗ್ಲಿಷಿನಲ್ಲಿ ಆ ತಡೆ ಇನ್ನೂ ಬೆಳೆದಿಲ್ಲ, ಅಷ್ಟೇ.

ಮೂವತ್ತು ವರ್ಷ ಪಾಠ ಮಾಡಿದ ಮೇಲೆ ನನಗನ್ನಿಸುವುದೇನೆಂದರೆ, ನುಡಿಗಟ್ಟನ್ನು ಕಲಿಯುವ ವಿದ್ಯೆ ನಮಗೆಲ್ಲ ಆಗಲೇ ಬರುತ್ತದೆ, ಏಕೆಂದರೆ ಕನ್ನಡದಲ್ಲಿ ಸಾವಿರಾರು ನುಡಿಗಟ್ಟುಗಳನ್ನು ಯಾವ ಪಟ್ಟಿಯೂ ಇಲ್ಲದೆ ಕಲಿತಿದ್ದೇವೆ. ಹೇಗೆ ಕಲಿತೆವೆಂಬುದನ್ನು ಮಾತ್ರ ಗಮನಿಸಿಲ್ಲ. ‘ಕೈ ಕೊಡು’ ಎಂಬುದನ್ನೇ ನೋಡಿ. ನಮ್ಮ ಜಿಲ್ಲೆಯಲ್ಲಿ ಎರಡು ವರ್ಷಕ್ಕೊಮ್ಮೆಯಾದರೂ ಕೇಳಿಬರುವ ಮಾತು ‘ಮಳೆ ಕೈ ಕೊಟ್ಟಿತು’ ಎಂಬುದು. ಬೋರ್‌ವೆಲ್ ಕೈ ಕೊಡುತ್ತದೆ, ನೆಂಟ ಕೈ ಕೊಡುತ್ತಾನೆ, ನಡುದಾರಿಯಲ್ಲಿ ಬೈಕು ಕೈ ಕೊಡುತ್ತದೆ. ಆದರೆ ಶೇಂಗಾ ಮೂಟೆ ಎತ್ತುವಾಗ ‘ಸ್ವಲ್ಪ ಕೈ ಕೊಡಪ್ಪ’ ಎಂದರೆ ಅದು ಸಹಾಯದ ಕರೆ, ಇಂಗ್ಲಿಷಿನ ‘ಗಿವ್ ಮಿ ಎ ಹ್ಯಾಂಡ್’ ಎಂಬುದಕ್ಕೆ ತೀರ ಹತ್ತಿರದ್ದು. ಒಂದೇ ಮಾತು, ಎರಡು ಎದುರು ಬದುರಾದ ಅರ್ಥ. ಇದನ್ನು ನೀವು ಅರ್ಥದ ಪಟ್ಟಿಯಿಂದ ಕಲಿಯಲಿಲ್ಲ. ಮೂಟೆಯ ಬಳಿ ನಿಂತು ಒಂದನ್ನು ಕಲಿತಿರಿ, ಒಣಗಿದ ಹೊಲದ ಬದುವಿನಲ್ಲಿ ನಿಂತು ಇನ್ನೊಂದನ್ನು ಕಲಿತಿರಿ.

ಎರಡನೆಯದಾಗಿ, ನುಡಿಗಟ್ಟಿನ ರೂಪ ಬಿಗಿಯಾಗಿರುತ್ತದೆ. ‘ಅವನು ನನಗೆ ಕೈ ಕೊಟ್ಟ’ ಎಂದರೆ ಮೋಸವಾಯಿತೆಂದು ಎಲ್ಲರಿಗೂ ತಿಳಿಯುತ್ತದೆ. ನಡುವೆ ಒಂದು ವಿಭಕ್ತಿ ಪ್ರತ್ಯಯ ಸೇರಿಸಿ ‘ಅವನು ನನಗೆ ಕೈಯನ್ನು ಕೊಟ್ಟ’ ಎಂದು ಹೇಳಿ ನೋಡಿ, ಮೋಸವೆಲ್ಲ ಮಾಯವಾಗಿ, ಬಾವಿಯಿಂದ ಮೇಲೆತ್ತಲು ಯಾರೋ ಕೈ ಚಾಚಿದ ಚಿತ್ರ ಬರುತ್ತದೆ. ‘ತಲೆ ತಿನ್ನಬೇಡ’ ಎಂದರೆ ಪೀಡಿಸಬೇಡ. ‘ತಲೆಯನ್ನು ತಿನ್ನಬೇಡ’ ಎಂದರೆ ಕುರಿಯ ತಲೆಮಾಂಸದ ವಿಚಾರ ಮಾತನಾಡುತ್ತಿದ್ದೀರೋ ಎಂದು ಅನುಮಾನ ಬರುತ್ತದೆ. ಇಂಗ್ಲಿಷಿನಲ್ಲಿಯೂ ಇದೇ ಕಥೆ. ‘ಹಿ ಕಿಕ್ಡ್ ದ ಬಕೆಟ್’ ಎಂದರೆ ಸತ್ತನೆಂಬ ಲಘುವಾದ ಮಾತು, ಅಂದರೆ ನಮ್ಮ ‘ಗೊಟಕ್ ಅಂದ’ ಇದ್ದ ಹಾಗೆ. ಸಾವಿನ ಮನೆಯಲ್ಲಿ ಆಡತಕ್ಕದ್ದಲ್ಲ. ಅದನ್ನೇ ಕರ್ಮಣಿಗೆ ತಿರುಗಿಸಿ ‘ದ ಬಕೆಟ್ ವಾಸ್ ಕಿಕ್ಡ್ ಬೈ ಹಿಮ್’ ಎಂದರೆ ಉಳಿಯುವುದು ಬಚ್ಚಲಿನ ಬಕೆಟ್ ಮಾತ್ರ. ಆದರೆ ಎಲ್ಲವೂ ಇಷ್ಟು ಬಿಗಿಯಲ್ಲ. ಗುಟ್ಟು ರಟ್ಟು ಮಾಡಿದರೆಂಬ ಅರ್ಥದ ‘ಸ್ಪಿಲ್ ದ ಬೀನ್ಸ್’ ಎಂಬುದನ್ನು ‘ದ ಬೀನ್ಸ್ ವರ್ ಸ್ಪಿಲ್ಡ್’ ಎಂದು ತಿರುಗಿಸಿದರೂ ಅರ್ಥ ಕೆಡುವುದಿಲ್ಲ, ಏಕೆಂದರೆ ಅಲ್ಲಿ ಬೀನ್ಸ್ ಎಂಬುದು ಗುಟ್ಟಿನ ಜಾಗದಲ್ಲಿ, ಚೆಲ್ಲುವುದು ಬಯಲು ಮಾಡುವುದರ ಜಾಗದಲ್ಲಿ ನಿಂತಿದೆ. ಬಕೆಟ್ಟು ಯಾವುದರ ಜಾಗದಲ್ಲಿಯೂ ನಿಂತಿಲ್ಲ.

ಮೂರನೆಯದು ನನಗೆ ಬಹಳ ಇಷ್ಟವಾದ ವಿಚಾರ, ಆದ್ದರಿಂದ ಉದ್ದವಾದರೆ ಕ್ಷಮಿಸಿ. ಇಂಗ್ಲಿಷ್ ಹುಟ್ಟಿದ್ದು ಚಳಿಯ ನಾಡಿನಲ್ಲಿ. ಅಲ್ಲಿ ಬಿಸಿ ಎಂದರೆ ಪ್ರೀತಿ, ತಣ್ಣಗೆ ಎಂದರೆ ತಿರಸ್ಕಾರ. ಅದಕ್ಕೇ ‘ವಾರ್ಮ್ ವೆಲ್‌ಕಮ್’ ಒಳ್ಳೆಯದು, ಕಂಡೂ ಕಾಣದಂತೆ ಮುಖ ತಿರುಗಿಸುವುದು ‘ಕೋಲ್ಡ್ ಶೋಲ್ಡರ್’. ಏಪ್ರಿಲ್ ತಿಂಗಳಲ್ಲಿ ದುರ್ಗದ ಬಂಡೆಗಳು ಕಾದು ಕೆಂಡವಾಗಿರುವಾಗ ಇಲ್ಲಿ ಬದುಕಿದವರ ಭಾಷೆ ಹಾಗಿರಲು ಸಾಧ್ಯವೇ? ನೀರು ಕೊಟ್ಟವರಿಗೆ ನಮ್ಮ ಅಜ್ಜಿಯಂದಿರು ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎಂದು ಹರಸುತ್ತಾರೆ. ಮಕ್ಕಳನ್ನು ಕಂಡರೆ ಕಣ್ಣು ತಂಪಾಗುತ್ತದೆ. ಹೊಟ್ಟೆ ಉರಿಯುವುದು ಅಸೂಯೆಗೆ. ಆದ್ದರಿಂದ ಇಂಗ್ಲಿಷಿನಲ್ಲಿ ‘ಕೋಲ್ಡ್’ ಕಂಡ ಕಡೆಯೆಲ್ಲ ತಂಪಿನ ಸುಖವನ್ನು ನೆನೆದರೆ ಅರ್ಥ ತಲೆಕೆಳಗಾಗುತ್ತದೆ. ಒಂದು ಕಡೆ ಮಾತ್ರ ಎರಡೂ ಭಾಷೆ ಹತ್ತಿರ ಬರುತ್ತವೆ: ಭಯಕ್ಕೆ ನಮಗೂ ಕೈಕಾಲು ತಣ್ಣಗಾಗುತ್ತದೆ, ಅವರಿಗೂ ‘ಕೋಲ್ಡ್ ಫೀಟ್’ ಆಗುತ್ತದೆ. ಅಲ್ಲಿಯೂ ಒಂದು ಕೂದಲೆಳೆಯ ಅಂತರವಿದೆ. ಹಾವು ಕಂಡರೆ ನಮ್ಮ ಕೈಕಾಲು ತಣ್ಣಗಾಗಬಹುದು. ಅವರ ‘ಕೋಲ್ಡ್ ಫೀಟ್’ ಮಾತ್ರ ಒಪ್ಪಿಕೊಂಡ ಕೆಲಸದಿಂದ, ಅಂದರೆ ಮದುವೆಯಿಂದಲೋ ಸಾಲದ ಜಾಮೀನಿನಿಂದಲೋ, ಕೊನೆಯ ಹೊತ್ತಿಗೆ ಹಿಂಜರಿಯುವುದಕ್ಕೆ ಮೀಸಲು.

ನಿಮ್ಮ ನೋಟ್‌ಬುಕ್ಕನ್ನು ಎಸೆಯಬೇಡಿ. ಅದರಲ್ಲಿ ಮೂರನೆಯ ಕಾಲಮ್ಮೊಂದನ್ನು ಎಳೆದು, ಯಾರು ಯಾರಿಗೆ, ಸಿಟ್ಟಿನಲ್ಲೋ ತಮಾಷೆಯಲ್ಲೋ, ಮಾತಿನಲ್ಲೋ ಬರಹದಲ್ಲೋ ಎಂದು ಬರೆಯಿರಿ. ಆ ಕಾಲಮ್ಮನ್ನು ತುಂಬಲು ಕೈಪಿಡಿ ಸಾಲದು. ಪತ್ರಿಕೆಯಲ್ಲೋ ಕ್ರಿಕೆಟ್ ವೀಕ್ಷಕ ವಿವರಣೆಯಲ್ಲೋ ಆ ನುಡಿಗಟ್ಟು ಸಿಕ್ಕಿದ ಪೂರ್ತಿ ವಾಕ್ಯವೇ ಬೇಕು. ಮುನ್ನೂರರಲ್ಲಿ ಮೂವತ್ತಕ್ಕೆ ಮಾತ್ರ ಅದು ತುಂಬಿದರೂ ಆ ಮೂವತ್ತು ನಿಮ್ಮವಾಗುತ್ತವೆ.

ವಿದ್ಯಾನಗರದ ಪರೀಕ್ಷಾರ್ಥಿನಿ, ದಾವಣಗೆರೆ

ಮೇಷ್ಟ್ರೇ, ನಿಮ್ಮ ಮಾತನ್ನು ಗೌರವದಿಂದ ಒಪ್ಪುತ್ತೇನೆ, ಆದರೆ ಪರೀಕ್ಷೆ ಬರೆಯುವವರಿಗೆ ಮೂವತ್ತರಿಂದ ಹೊಟ್ಟೆ ತುಂಬುವುದಿಲ್ಲ. ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನ ಪದವಿ ಮಟ್ಟದ ಪರೀಕ್ಷೆಯ ಮೊದಲ ಹಂತದಲ್ಲಿ ಇಂಗ್ಲಿಷಿಗೆ 25 ಪ್ರಶ್ನೆ, 50 ಅಂಕ. ತಪ್ಪು ಉತ್ತರಕ್ಕೆ ಅರ್ಧ ಅಂಕ ಕಡಿತ. ನುಡಿಗಟ್ಟೊಂದನ್ನು ಕೊಟ್ಟು ನಾಲ್ಕು ಅರ್ಥಗಳಲ್ಲಿ ಒಂದನ್ನು ಆರಿಸಿ ಎನ್ನುತ್ತಾರೆಯೇ ಹೊರತು, ಅದನ್ನು ಮೇಲಧಿಕಾರಿಗೆ ಹೇಳಬಹುದೇ ಎಂದು ಯಾರೂ ಕೇಳುವುದಿಲ್ಲ. ಅಲ್ಲಿ ಪಟ್ಟಿ ಬೇಕೇ ಬೇಕು. ಆದರೆ ಅಕ್ಷರಮಾಲೆಯ ಕ್ರಮದಲ್ಲಿ ಓದಿದರೆ ಒಂದೂ ನೆನಪಿನಲ್ಲಿ ನಿಲ್ಲುವುದಿಲ್ಲವಾದ್ದರಿಂದ ನಾನು ಹುಟ್ಟಿದ ಜಾಗವನ್ನು ನೋಡಿ ಗುಂಪು ಮಾಡಿಕೊಂಡಿದ್ದೇನೆ.

ಇಂಗ್ಲಿಷರು ದ್ವೀಪದವರು, ಹಾಗಾಗಿ ಹಡಗಿನ ಗುಂಪೇ ದೊಡ್ಡದು. ಹಾಯಿಹಡಗಿನ ಹಗ್ಗಗಳಲ್ಲಿ ಯಾವುದು ಯಾವುದಕ್ಕೆಂದು ಬಲ್ಲವನೇ ಕೆಲಸ ಬಲ್ಲವನು, ಅದು ‘ನೋ ದ ರೋಪ್ಸ್’. ಎಲ್ಲರ ಕಷ್ಟವೂ ಒಂದೇ ಎನ್ನಲು ‘ಇನ್ ದ ಸೇಮ್ ಬೋಟ್’. ನಮ್ಮದು ಎತ್ತು, ನೊಗ, ಬಾವಿಗಳ ಭಾಷೆ; ಹಠಮಾರಿಗೆ ಮೂಗುದಾರ ಹಾಕುತ್ತೇವೆ, ಕೈಗೊಂಡ ಕೆಲಸ ಕೆಟ್ಟರೆ ಹಳ್ಳ ಹಿಡಿಯಿತೆನ್ನುತ್ತೇವೆ. ಕ್ರಿಕೆಟ್ಟಿನ ಗುಂಪು ನಮ್ಮ ಹುಡುಗರಿಗೆ ಹೇಳಿಕೊಡಬೇಕಾಗಿಯೇ ಇಲ್ಲ. ಆದರೂ ‘ಸ್ಟಿಕಿ ವಿಕೆಟ್’ ಎಂಬುದನ್ನು ಈಗಿನವರು ಕಂಡಿರಲಾರರು. ಪಿಚ್ಚಿಗೆ ಹೊದಿಕೆ ಹಾಕದಿದ್ದ ಕಾಲದಲ್ಲಿ ಮಳೆಗೆ ನೆನೆದ ನೆಲ ಬಿಸಿಲಿಗೆ ಒಣಗುತ್ತ ಬಂದಾಗ ಚೆಂಡು ಹೇಗೆ ಪುಟಿಯುತ್ತದೆಂದು ಹೇಳಲಾಗದೆ ಬ್ಯಾಟ್ಸ್‌ಮನ್ ಪೇಚಿಗೆ ಸಿಲುಕುತ್ತಿದ್ದ. ಆದ್ದರಿಂದ ಅದು ಇಕ್ಕಟ್ಟಿನ ಪರಿಸ್ಥಿತಿ.

ಬೈಬಲ್ಲಿನ ಗುಂಪಿನಲ್ಲಿ ನಾನು ಬಹಳ ದಿನ ತಪ್ಪು ತಿಳಿದದ್ದು ‘ಅಟ್ ದಿ ಇಲೆವೆಂತ್ ಅವರ್’ ಎಂಬುದನ್ನು. ಬೆಳಿಗ್ಗೆ ಹನ್ನೊಂದು ಗಂಟೆ ಎಂದರೆ ಕೊನೆಯ ಗಳಿಗೆ ಹೇಗಾಗುತ್ತದೆ ಎಂಬುದೇ ಒಗಟಾಗಿತ್ತು. ಮತ್ತಾಯನ ಸುವಾರ್ತೆಯ 20ನೆಯ ಅಧ್ಯಾಯದಲ್ಲಿ ದ್ರಾಕ್ಷಿತೋಟದ ಯಜಮಾನನೊಬ್ಬ ಬೆಳಗಿನಿಂದ ಸಂಜೆಯವರೆಗೆ ಬೇರೆ ಬೇರೆ ಹೊತ್ತಿನಲ್ಲಿ ಕೂಲಿಯಾಳುಗಳನ್ನು ಕರೆತರುತ್ತಾನೆ. ಅಲ್ಲಿನ ಎಣಿಕೆ ಸೂರ್ಯೋದಯದಿಂದ ಆರಂಭವಾಗುವುದರಿಂದ ಹನ್ನೊಂದನೆಯ ತಾಸು ಎಂದರೆ ಸುಮಾರು ಸಂಜೆ ಐದು ಗಂಟೆ, ಕೆಲಸ ಬಿಡಲು ಒಂದೇ ತಾಸು ಉಳಿದ ಹೊತ್ತು. ಆಗ ಬಂದವನಿಗೂ ಪೂರ್ತಿ ದಿನದ ಕೂಲಿಯನ್ನೇ ಕೊಡುತ್ತಾನೆ. ಇಲ್ಲಿ ಬೆಳಿಗ್ಗೆ ಬುತ್ತಿ ಹಿಡಿದು ಸರ್ಕಲ್ಲಿನಲ್ಲಿ ಕೆಲಸಕ್ಕೆ ಕಾದು ನಿಲ್ಲುವವರನ್ನು ದಿನವೂ ನೋಡುವ ನನಗೆ, ಸಂಜೆ ಐದಕ್ಕೆ ಯಾರೋ ಬಂದು ಕರೆದರೆ ಅವರ ಮುಖ ಹೇಗಿದ್ದೀತು ಎಂಬ ಚಿತ್ರ ಮನಸ್ಸಿಗೆ ಬಂದ ಮೇಲೆ ಆ ನುಡಿಗಟ್ಟು ಮರೆತೇ ಇಲ್ಲ.

ಅಡುಗೆಮನೆಯ ಗುಂಪಿನಲ್ಲಿ ‘ಬಟರ್ ಅಪ್’ ಎಂದರೆ ಕಾರ್ಯಸಾಧನೆಗಾಗಿ ಹೊಗಳುವುದು, ನಮ್ಮ ‘ಬೆಣ್ಣೆ ಹಚ್ಚು’. ಬೆಣ್ಣೆ ದೋಸೆಯ ಊರಿನವರು ಇದನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಆದರೆ ‘ಬ್ರೆಡ್ ಅಂಡ್ ಬಟರ್’ ಎಂದರೆ ಹೊಟ್ಟೆಪಾಡಿನ ಉದ್ಯೋಗ. ನಾನು ಮೊದಲ ಅಣಕು ಪರೀಕ್ಷೆಯಲ್ಲಿ ‘ಐಷಾರಾಮಿ ಜೀವನ’ ಎಂದು ಗುರುತು ಹಾಕಿ ಅರ್ಧ ಅಂಕ ಕಳೆದುಕೊಂಡೆ. ನಮ್ಮ ಮನೆಯಲ್ಲಿ ಬ್ರೆಡ್ಡು ಬರುತ್ತಿದ್ದುದು ಜ್ವರ ಬಂದಾಗ ಮಾತ್ರ, ಬೆಣ್ಣೆ ಬರುತ್ತಿದ್ದುದು ಹಬ್ಬಕ್ಕೆ.

ಹೊಳೆದಂಡೆ, ಹರಿಹರ

ನಾನು ಪತ್ರಿಕೆಯೊಂದಕ್ಕೆ ಇಂಗ್ಲಿಷ್ ಸುದ್ದಿಗಳನ್ನು ಕನ್ನಡಕ್ಕೆ ಅನುವಾದಿಸುವ ಕೆಲಸ ಮಾಡುತ್ತೇನೆ. ಮೇಲಿನ ಇಬ್ಬರೂ ಹೇಳದ ಎರಡು ವಿಚಾರಗಳಿವೆ.

ಎಷ್ಟೋ ಇಂಗ್ಲಿಷ್ ನುಡಿಗಟ್ಟುಗಳನ್ನು ನೀವು ಕನ್ನಡದ ವೇಷದಲ್ಲಿ ಆಗಲೇ ಬಲ್ಲಿರಿ. ಯಾವುದೋ ವಿಷಯದ ಮೇಲೆ ಬೆಳಕು ಚೆಲ್ಲುವುದು, ಯೋಜನೆಗೆ ಹಸಿರು ನಿಶಾನೆ ತೋರುವುದು, ಕಡತ ಕೆಂಪು ಪಟ್ಟಿಯಲ್ಲಿ ಸಿಕ್ಕಿಕೊಳ್ಳುವುದು, ಇವೆಲ್ಲ ನಮ್ಮಂಥ ಅನುವಾದಕರ ಮೇಜಿನಿಂದ ಇಳಿದು ಬಂದವು. ಕೆಲವು ಚೆನ್ನಾಗಿ ಬೇರು ಬಿಟ್ಟಿವೆ, ಕೆಲವು ಇನ್ನೂ ಓಲಾಡುತ್ತಿವೆ. ‘ಬಿಳಿ ಆನೆ’ ಎಂಬುದನ್ನು ನೋಡಿ. ಸಯಾಮಿನ, ಅಂದರೆ ಈಗಿನ ಥಾಯ್ಲೆಂಡಿನ, ಅರಸರು ತಮಗೆ ಆಗದವರಿಗೆ ಬಿಳಿಯ ಆನೆಯನ್ನು ಉಡುಗೊರೆ ಕೊಡುತ್ತಿದ್ದರಂತೆ. ಪವಿತ್ರವಾದ್ದರಿಂದ ದುಡಿಸುವಂತಿಲ್ಲ, ಮಾರುವಂತಿಲ್ಲ, ಸಾಕಿ ಸಾಕಿಯೇ ದಿವಾಳಿ ಏಳಬೇಕು. ಆ ಕಥೆಯಿಂದ, ಲಾಭವಿಲ್ಲದೆ ಖರ್ಚು ಬೇಡುವ ಆಸ್ತಿಗೆ ಇಂಗ್ಲಿಷಿನಲ್ಲಿ ಆ ಹೆಸರು ಬಂತು. ಒಮ್ಮೆ ನಷ್ಟದಲ್ಲಿದ್ದ ಕಾರ್ಖಾನೆಯೊಂದನ್ನು ನಾನು ಬಿಳಿ ಆನೆ ಎಂದು ಬರೆದಾಗ, ಓದುಗರೊಬ್ಬರು ಫೋನ್ ಮಾಡಿ, ಬಿಳಿ ಆನೆ ಎಂದರೆ ಐರಾವತ, ಲಕ್ಷ್ಮಿಯ ಜೊತೆ ಸಮುದ್ರದಿಂದ ಬಂದದ್ದು, ಅದನ್ನು ನಷ್ಟಕ್ಕೆ ಹೋಲಿಸುವುದು ಯಾವ ನ್ಯಾಯ ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಬರಲಿರುವ ಕೇಡಿನ ಮುನ್ಸೂಚನೆ ಎಂಬ ಅರ್ಥದ ‘ಗೋಡೆ ಬರಹ’ ಎಂಬುದೂ ಅಷ್ಟೇ. ಬಾಬಿಲೋನಿನ ಅರಸ ಬೇಲ್ಶಚ್ಚರನ ಔತಣದಲ್ಲಿ ಕೈಯೊಂದು ಗೋಡೆಯ ಮೇಲೆ ಅವನ ಅಂತ್ಯವನ್ನು ಬರೆಯಿತೆಂಬ ದಾನಿಯೇಲನ ಗ್ರಂಥದ ಕಥೆ ತಿಳಿಯದವರಿಗೆ, ಅದು ಚುನಾವಣೆಯಲ್ಲಿ ಸುಣ್ಣ ಬಳಿದು ಬರೆಸಿದ ಘೋಷಣೆಯಾಗಿಯೇ ಕಾಣುತ್ತದೆ.

ಇನ್ನೊಂದು, ಹುಟ್ಟಿನ ಕಥೆಗಳನ್ನು ನೆನಪಿಗೆ ಬಳಸಿಕೊಳ್ಳಿ, ಆದರೆ ಎಲ್ಲವನ್ನೂ ನಂಬಬೇಡಿ. ಧಾರಾಕಾರ ಮಳೆಗೆ ‘ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ಎನ್ನುವುದು ಹುಲ್ಲಿನ ಸೂರಿನಲ್ಲಿ ಮಲಗಿದ ನಾಯಿ ಬೆಕ್ಕುಗಳು ಮಳೆಗೆ ಜಾರಿ ಬೀಳುತ್ತಿದ್ದುದರಿಂದ ಎಂಬ ಕಥೆ ವಾಟ್ಸ್‌ಆ್ಯಪಿನಲ್ಲಿ ಸುತ್ತುತ್ತಿರುತ್ತದೆ. ಅದು ಅಂತರ್ಜಾಲದಲ್ಲಿ ಹಬ್ಬಿದ ಕಟ್ಟುಕಥೆ. ಆ ಮಾತಿನ ನಿಜವಾದ ಮೂಲ ಯಾರಿಗೂ ಗೊತ್ತಿಲ್ಲ. ಇಷ್ಟಕ್ಕೂ ಜೋರು ಮಳೆಯಲ್ಲಿ ಸೂರಿನ ಹೊರಗೆ ಮಲಗುವಷ್ಟು ದಡ್ಡ ಬೆಕ್ಕನ್ನು ನಾನಂತೂ ಕಂಡಿಲ್ಲ. ಗಟ್ಟಿ ನೆಲದ ಕಥೆಗಳೂ ಇವೆ. 1709ರಲ್ಲಿ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ಜಾನ್ ಡೆನಿಸ್ ಎಂಬ ನಾಟಕಕಾರ ತನ್ನ ನಾಟಕಕ್ಕಾಗಿ ಗುಡುಗಿನ ಸದ್ದು ಮಾಡುವ ಹೊಸ ವಿಧಾನವೊಂದನ್ನು ಕಂಡುಹಿಡಿದ. ನಾಟಕ ಓಡಲಿಲ್ಲ. ಸ್ವಲ್ಪ ಕಾಲದ ಮೇಲೆ ಅದೇ ರಂಗದಲ್ಲಿ ಬೇರೆಯವರ ಪ್ರದರ್ಶನಕ್ಕೆ ಹೋಗಿ ಕುಳಿತಾಗ ತನ್ನದೇ ಗುಡುಗು ಕೇಳಿಸಿತು, ನನ್ನ ಗುಡುಗನ್ನು ಕದ್ದರೆಂದು ಕೂಗಾಡಿದ ಎನ್ನುತ್ತಾರೆ. ಒಬ್ಬರಿಗೆ ಸಲ್ಲಬೇಕಾದ ಹೆಸರನ್ನು ಇನ್ನೊಬ್ಬರು ಹೊಡೆದುಕೊಂಡರೆ ‘ಸ್ಟೀಲ್ ಸಮ್‌ವನ್ಸ್ ಥಂಡರ್’ ಎನ್ನುವುದು ಅದರಿಂದ. ಕಂಪನಿ ನಾಟಕಗಳಲ್ಲಿ ತಗಡು ಅಲ್ಲಾಡಿಸಿ ಗುಡುಗು ಹುಟ್ಟಿಸುತ್ತಿದ್ದುದನ್ನು ಕಂಡ ನಮ್ಮ ಹಿರಿಯರಿಗೆ ಆತನ ಸಂಕಟ ಚೆನ್ನಾಗಿ ತಿಳಿದೀತು.

ಗೋದಾಮಿನ ಗುಮಾಸ್ತ, ದಾವಣಗೆರೆ

ಮೂವರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ನೋಟ್‌ಬುಕ್ಕಿನಲ್ಲಿ ಮೂರನೆಯ ಗೆರೆ ಎಳೆದು ಕುಳಿತೆ. ನಲವತ್ತು ನೋಡುವಷ್ಟರಲ್ಲಿ ಮೂರು ಕಂಟಕಗಳು ಸಿಕ್ಕವು. ಮುಂದಿನ ವಾರದ ಪತ್ರಕ್ಕೆಂದು ನಾನು ಎತ್ತಿಟ್ಟುಕೊಂಡಿದ್ದ ‘ಟರ್ನ್ ಎ ಬ್ಲೈಂಡ್ ಐ’ ಎಂಬುದೂ ಅವುಗಳಲ್ಲಿ ಒಂದು. ತೇವಾಂಶ ಸ್ವಲ್ಪ ಹೆಚ್ಚಿರುವ ಎರಡು ಲೋಡುಗಳ ವಿಚಾರದಲ್ಲಿ ಈ ಸಲ ದೊಡ್ಡ ಮನಸ್ಸು ಮಾಡಿ ಎಂದು ಕೇಳುವುದಕ್ಕೆ ಅದು ಸರಿಹೋಗುತ್ತದೆಂದು ಭಾವಿಸಿದ್ದೆ. ಮೇಷ್ಟ್ರೇ, ಇದನ್ನು ಬರೆದಿದ್ದರೆ ಏನಾಗುತ್ತಿತ್ತು?

ಜೊತೆಗೆ ಹೋದ ತಿಂಗಳ ಮೇಲಿಗೆ ಈಗ ಹೊಸ ವಾಕ್ಯ ಬರೆದು ನೋಡಿದ್ದೇನೆ: ‘ಸರ್, ದಿ ಆಡಿಟರ್ ಈಸ್ ಕಮಿಂಗ್ ಆನ್ ಮಂಡೇ. ವಿ ವಿಲ್ ಕೀಪ್ ದ ಸ್ಟಾಕ್ ಅಂಡ್ ದ ರಿಜಿಸ್ಟರ್ಸ್ ರೆಡಿ.’ ಇದರಲ್ಲಿ ಯಾವ ನುಡಿಗಟ್ಟನ್ನು ಸೇರಿಸಬಹುದು?

ನಿವೃತ್ತ ಇಂಗ್ಲಿಷ್ ಮೇಷ್ಟರು, ಚಿತ್ರದುರ್ಗ

1801ರ ಕೋಪನ್‌ಹೇಗನ್ ನೌಕಾಯುದ್ಧದಲ್ಲಿ ಹಿಂದೆ ಸರಿಯಿರೆಂದು ಮೇಲಧಿಕಾರಿಯಿಂದ ಬಾವುಟದ ಸಂಕೇತ ಬಂದಾಗ, ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡಿದ್ದ ಬ್ರಿಟಿಷ್ ನೌಕಾ ಸೇನಾನಿ ನೆಲ್ಸನ್ ದೂರದರ್ಶಕವನ್ನು ಆ ಕುರುಡು ಕಣ್ಣಿಗೇ ಹಿಡಿದು, ನನಗೆ ಯಾವ ಸಂಕೇತವೂ ಕಾಣುತ್ತಿಲ್ಲ ಎಂದನೆಂದು ಹೇಳುತ್ತಾರೆ. ಮಾತು ಹುಟ್ಟಿದ್ದು ಅಲ್ಲಿಂದಲೇ ಎಂದು ನಾನು ವಾದಿಸುವುದಿಲ್ಲ, ಅರ್ಥವಂತೂ ಅದೇ: ತಪ್ಪೆಂದು ತಿಳಿದೂ ಕಾಣದವರಂತೆ ನಟಿಸುವುದು. ನೀವು ಹಾಗೆ ಬರೆದಿದ್ದರೆ, ನಿಯಮ ಮುರಿಯಲು ಜೊತೆಗೂಡಿ ಎಂದು ಮೇಲಧಿಕಾರಿಯನ್ನು ಲಿಖಿತವಾಗಿ ಆಹ್ವಾನಿಸಿದಂತಾಗುತ್ತಿತ್ತು, ಅದೂ ಆಡಿಟರ್ ಓದಬಹುದಾದ ಪತ್ರದಲ್ಲಿ. ತೇವಾಂಶ ಎಷ್ಟಿದೆ ಎಂಬ ಅಂಕಿಯನ್ನು ಬರೆದು, ಒಣಗಿಸಲು ಎರಡು ದಿನ ಕಾಲಾವಕಾಶ ಕೊಡಿ ಎಂದು ನೇರವಾಗಿ ಕೇಳಿ.

ಎರಡನೆಯ ವಾಕ್ಯ ಚೆನ್ನಾಗಿದೆ. ಅದಕ್ಕೆ ಏನನ್ನೂ ಸೇರಿಸಬೇಡಿ, ಹಾಗೆಯೇ ಕಳುಹಿಸಿ.